ಕೈ ಹಾಕಬಾರದ ಜಾಗ

ಮಾಮೂಲಿ ಸೈಕಲ್ಲಿಗೆ ಒಂದು ಚೈನು ಸಾಕು.
ಈ ಮಲಗಿ ತುಳಿಯುವ ಗಾಡಿಗೆ ಎರಡೂವರೆ ಬೇಕು.
ಜೋಡಿಸಿ ನೆಲಕ್ಕೆ ಹಾಸಿದರೆ
ದುರ್ಗಿಗುಡಿಯ ನನ್ನ ಅಂಗಡಿಯ ಬಾಗಿಲು ದಾಟಿ
ಪಕ್ಕದ ಟೈಲರನ ಮೆಟ್ಟಿಲು ಮುಟ್ಟುತ್ತದೆ.
ಮೊದಲ ಸಲ ಫೆಲ್ಸಿ ಇದನ್ನು ತಂದಾಗ
‘ಇದೆಂತದು ಮಾರಾಯ್ತಿ, ಆರಾಮಕುರ್ಚಿಗೆ ಗಾಲಿ ಹಾಕಿಸಿದೀಯ?’ ಅಂದಿದ್ದೆ.
ನಗಲಿಲ್ಲ ಅವಳು. ಬೆನ್ನಿನ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಳು:
ಒಳಗೆ ನಾಲ್ಕು ಸ್ಕ್ರೂ,
ನಾನು ದಿನಾ ಬಿಗಿಯುವಂಥವೇ.

ಈಗ ಅವರು ಮೂವರು. ಫೆಲ್ಸಿ, ಎಲ್‌ಐಸಿ ತಿಪ್ಪೇಶಿ, ಬಾಲಾಜಿ ಸಿಂಗ್.
ನಾವೂ ಮೂವರೇ. ಓಮ್ನಿಯ ಇಲಿಯಾಸಣ್ಣ,
ರಿಟೈರಾದ ಡ್ರಿಲ್ ಟೀಚರ್ ವಾರಿಜಾಕ್ಷಿ,
ಮತ್ತೆ ನಾನು.
ನಾನೂರು ಕಿಲೋಮೀಟರು, ಇಪ್ಪತ್ತೇಳು ಗಂಟೆ,
ಆಗುಂಬೆ, ಶೃಂಗೇರಿ, ಕೊಪ್ಪ, ಎನ್.ಆರ್.ಪುರ, ತಿರುಗಿ ಊರು.

ನಿಮ್ಮ ಕೆಲಸ ಎಂತದು ಅಂತ ಯಾರಾದರೂ ಕೇಳಿದರೆ
ಟೀಚರ್ ಡೈರಿ ಬಿಚ್ಚಿ ಓದುತ್ತಾರೆ:
ಉಪ್ಪು ಹಾಕಿ ಬೇಯಿಸಿದ ಗೆಣಸು, ಒಣಗಿದ ಸಾಕ್ಸು,
ತಿಪ್ಪೇಶಿಗೆ ಮಾತ್ರ ಸಕ್ಕರೆ ಇಲ್ಲದ ಚಾ.
ಇಲಿಯಾಸಣ್ಣ ಹೇಳುವುದು ಒಂದೇ ಮಾತು, ‘ನಿಲ್ಲೋದು.
ಓಡ್ಸೋಕೆ ಯಾರಿಗಾದ್ರೂ ಬರುತ್ತೆ.
ನಿಲ್ಲಿಸ್ಕೊಂಡು ನಿದ್ದೆ ಮಾಡದೆ ಕೂರೋಕೆ ಬರಬೇಕು.’

ಕಾಗದದಲ್ಲಿ ನಿಯಮ ಇದೆ:
ಗುರುತು ಹಾಕಿದ ನಾಲ್ಕು ಜಾಗದಲ್ಲಷ್ಟೆ ಮುಟ್ಟಬಹುದು.
ನಡುವೆ ಏನೇ ಆಗಲಿ, ತುಳಿಯುವವರ ಪಾಡು ಅವರಿಗೆ.
ನಾನು ಒಂದು ಹನಿ ಎಣ್ಣೆ ಬಿಟ್ಟರೂ
ಮೂವರೂ ಔಟು.

ಮುತ್ತಿನಕೊಪ್ಪ ಬಿಟ್ಟು ಉಂಬ್ಳೇಬೈಲಿನ ಕಾಡು. ಎರಡೂ ಮುಕ್ಕಾಲು.
ಮುಂದಿನ ಇಬ್ಬರು ದಾಟಿ ಹೋಗಿ ಆಗಿತ್ತು.
ಹೆಡ್‌ಲೈಟಿಗೆ ಮೊದಲು ಸಿಕ್ಕಿದ್ದು
ಸೀಟಿನ ಹಿಂದಿನ ಕೋಲಿನ ತುದಿಗೆ ಜೋತುಬಿದ್ದ ಕಿತ್ತಳೆ ಬಾವುಟ,
ಆಮೇಲೆ ಅವಳು, ಮಣ್ಣಿನಲ್ಲಿ ಮಂಡಿಯೂರಿ,
ಮಡಿಲ ತುಂಬ ಚೈನು
ಹಾವಾಡಿಗನ ಬುಟ್ಟಿ ಮಗುಚಿದ ಹಾಗೆ.
ತಲೆ ಎತ್ತಲಿಲ್ಲ.
ಇಲಿಯಾಸಣ್ಣನ ಕಾಲು ಬ್ರೇಕಿಗೆ ಹೋಯಿತು.
‘ನಿಲ್ಲಿಸಬೇಡಿ,’ ಅಂದರು ಟೀಚರ್,
ಪ್ರಾರ್ಥನೆಗೆ ತಡವಾಗಿ ಬಂದವರಿಗೆ ಹೇಳುವ ದನಿಯಲ್ಲಿ.
ದಾಟಿದೆವು.
ನನ್ನ ಜೇಬಿನಲ್ಲಿ ಅಲಸಂದೆ ಕಾಳಿನಷ್ಟು ದೊಡ್ಡ ಕೊಂಡಿ ಒಂದಿತ್ತು.
ಅದನ್ನೇ ಹಿಡಿದುಕೊಂಡೆ.

ತಿರುವಿನಾಚೆ ಇಂಜಿನ್ ಬಂದ್, ದೀಪ ಬಂದ್.
ಸಾಗುವಾನಿಯ ಒಂದು ಎಲೆ ಬಿದ್ದರೂ
ತಟ್ಟೆ ಬಿದ್ದಂತೆ ಕೇಳುವ ಹೊತ್ತು.
ಕಣ್ಣು ಮುಚ್ಚಿದೆ. ಕಣ್ಣು ತೆರೆದಿದ್ದರೂ ಅಷ್ಟೇ ಕಾಣುತ್ತಿತ್ತು.
ಕಿರ್. ಪಿನ್ನು ಹೊರಗೆ ಬರುತ್ತಿದೆ.
ಕಿರ್. ಸಾಕು. ಸಾಕು ಕಣೇ, ಪೂರ್ತಿ ತೆಗೀಬೇಡ, ಅಲ್ಲೇ.
ತುಟಿ ಆಡಿತು, ದನಿ ಬಿಡಲಿಲ್ಲ.

ಮೂರು ಭಾನುವಾರ ಕೂರಿಸಿ ಕಲಿಸಿದ್ದೆ ಇದನ್ನ.
ಮೂರನೆಯದರಲ್ಲಿ ಗಿರಾಕಿ ಕಾಯುತ್ತಿದ್ದ, ನನಗೆ ರೇಗಿತ್ತು,
ಅವಳ ಕೈಯಿಂದ ಹತಾರ ಕಿತ್ತುಕೊಂಡು
ಕೊನೇ ಸುತ್ತು ನಾನೇ ತಿರುಗಿಸಿದ್ದೆ.
ಆ ಸುತ್ತು ಅವಳು ನೋಡಿದ್ದಳೋ,
ರಸ್ತೆ ಕಡೆ ತಿರುಗಿದ್ದಳೋ.

ಈಗ ಸದ್ದೇ ಇಲ್ಲ.
ಟೀಚರ್ ಗಡಿಯಾರದ ಮೇಲೆ ಅಂಗೈ ಮುಚ್ಚಿದರು.
‘ಆನೆ ಬಂದ್ರೆ ಯಾವ ನಿಯಮ?’ ಇಲಿಯಾಸಣ್ಣ ಪಿಸುಗುಟ್ಟಿದ.
ಯಾರೂ ಉತ್ತರ ಕೊಡಲಿಲ್ಲ.
ಕಾಗದದಲ್ಲಿ ಆನೆ ಇರಲಿಲ್ಲ.

ಆಮೇಲೆ ಬಂತು ನೋಡಿ,
ಮೊರದಿಂದ ರಾಗಿ ಸುರಿದ ಹಾಗೆ,
ಕೊಳವೆಯೊಳಗೆ ಎರಡೂವರೆ ಚೈನು ಓಡುವ ಸದ್ದು.
ತಿರುವಿನಲ್ಲಿ ದೀಪ, ದೀಪದ ಹಿಂದೆ ಎರಡು ಪಾದ,
ಎಲ್ಲಕ್ಕೂ ಕೊನೆಗೆ ಮುಖ, ಆಕಾಶದ ಕಡೆಗೆ.
ನಾವು ಇದ್ದೇವೆಂದು ಗೊತ್ತಿದ್ದವಳ ಹಾಗೆ
ಕತ್ತಲಿಗೆ ಹೇಳಿ ಹೋದಳು:
‘ಒಂದು ಕೊಂಡಿ ಕಮ್ಮಿ ಆಯ್ತು.’
ಅಷ್ಟುದ್ದದಲ್ಲಿ ಒಂದು ಕೊಂಡಿ
ಯಾವ ಲೆಕ್ಕ.

ಇಲಿಯಾಸಣ್ಣ ಕೀ ತಿರುಗಿಸಿದ.
ಓಮ್ನಿ ಕೆಮ್ಮಿತು, ಸುಮ್ಮನಾಯಿತು.
ಮತ್ತೆ ತಿರುಗಿಸಿದ.
ಟೀಚರ್ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದರು, ನಾನೂ ಇಳಿದೆ.
ದೂರದಲ್ಲಿ ಕೆಂಪು ದೀಪ ಸಣ್ಣಗಾಗುತ್ತಿತ್ತು.
ತಳ್ಳಿದೆವು.